ಹೌಸಿಂಗಿನ ಮೇಲಿನ ಟೊಪ್ಪಿಗೆ

ಉಟಗಿ
೧೨ ಜನವರಿ ೨೦೨೫

ಬಾರ್ಶಿಯ ಗ್ಯಾರೇಜು ಮಾಲಕ ಲಗಮಣ್ಣನಿಗೆ,

ನಾನು ಸಿದ್ದಾರೂಢ. ಉಟಗಿಯ ಬೀಜದ ಅಂಗಡಿ ಸೋಮನಿಂಗಪ್ಪ ಸಾವಕಾರರ ಮಗ. ಹನ್ನೊಂದು ವರ್ಷದ ಹಿಂದೆ ನೀನು ಜತ್ತದ ಗ್ಯಾರೇಜಿಗೆ ಬೀಗ ಹಾಕಿ ಹೋದ ಮೇಲೆ ಈ ಮನೆಯಿಂದ ನಿನಗೆ ಹೋಗುತ್ತಿರುವ ಮೊದಲ ಕಾಗದವಿದು. ಮೊದಲು ಫೋನ್ ಮಾಡಿದ್ದೆ. ನಿನ್ನ ಸೊಸೆ ಎತ್ತಿಕೊಂಡು, ಮಾವನವರು ಆ ಮನೆಯವರ ಜೋಡಿ ಬಾಯಿಂದ ಮಾತಾಡುವುದಿಲ್ಲವಂತೆ, ಏನಿದ್ದರೂ ಬರೆದು ಕಳಿಸಬೇಕಂತೆ ಎಂದಳು. ಗ್ರೀಸಿನ ಕೈಗೆ ದಫ್ತರದ ಡೌಲು ಯಾವಾಗ ಬಂತೋ ನಾನರಿಯೆ. ಇರಲಿ, ಬರೆಯಲು ನನಗೇನೂ ಬೇಸರವಿಲ್ಲ. ಬಿ.ಎ. ಮಾಡಿದವನು ನಾನು. ಸುತ್ತಿನ ಹನ್ನೆರಡು ಹಳ್ಳಿಯ ಲಗ್ನಪತ್ರಿಕೆಯ ಪದ್ಯಗಳು ನನ್ನ ಕೈಯಿಂದಲೇ ಹೋಗುತ್ತವೆ.

ಅಪ್ಪ ಹೋದ ದೀಪಾವಳಿಗೆ ತೀರಿಕೊಂಡರು. ಅವರ ೧೯೭೨ರ ಅಂಬಾಸಿಡರ್ ಈಗ ನನ್ನ ಪಾಲಿಗೆ ಬಂದಿದೆ, ಅದರ ಜೊತೆಗೆ ನೀನು ಮಾಡಿಟ್ಟು ಹೋದ ರೋಗವೂ ಬಂದಿದೆ. ಹಿಂದಿನ ಎರಡು ಗಾಲಿಗಳ ನಡುವೆ ಇರುವ, ನೀವು ಮಿಸ್ತ್ರಿಗಳು ಹೌಸಿಂಗ್ ಎನ್ನುವ ಆ ಕಬ್ಬಿಣದ ಹೊಟ್ಟೆಯಿಂದ ಎಣ್ಣೆ ಸೋರುತ್ತಿದೆ. ಸೋರಿದ ಎಣ್ಣೆ ಗಾಲಿಯೊಳಗೆ ಇಳಿಯುತ್ತದೆ, ಗಾಲಿಯನ್ನು ಹಿಡಿಯುವ ಬ್ರೇಕಿನ ಪಟ್ಟಿ, ಅಂದರೆ ಲೈನರು, ಅದನ್ನು ಕುಡಿಯುತ್ತದೆ. ಬ್ರೇಕ್ ಒತ್ತಿದರೆ ಗಾಡಿ ಓರೆಗೆ ಎಳೆಯುತ್ತದೆ. ಜತ್ತದವನೊಬ್ಬ, ವಿಜಯಪುರದವನೊಬ್ಬ, ಸಾಂಗಲಿಯವನೊಬ್ಬ, ಮೂರು ಜನ ಮೂರು ಸಲ ಎಣ್ಣೆ ತಡೆಯುವ ರಬ್ಬರಿನ ಸೀಲು ಬದಲಿಸಿದರು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಹಾಡು. ನನ್ನ ಹೆಂಡತಿ ಅನುರಾಧಾ ಆ ಗಾಡಿಯಲ್ಲಿ ಕೂಡುವುದನ್ನು ಬಿಟ್ಟು ಎಸ್.ಟಿ. ಬಸ್ಸು ಹಿಡಿಯುತ್ತಾಳೆ, ಅದೂ ನಮ್ಮ ಅಂಗಡಿಯ ಮುಂದೆಯೇ ನಿಂತು.

ಹಳೆಯದನ್ನು ಕೆದಕುವ ಮನಸ್ಸಿಲ್ಲ. ಮುಚ್ಚಂಡಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗಾಡಿ ಕಲ್ಲಿನ ಒಡ್ಡಿಗೆ ಬಡಿದದ್ದು, ಅಪ್ಪನ ಸೊಂಟ ಮುರಿದದ್ದು, ಲಗಮಣ್ಣ ಹೊಸ ಸೀಲೆಂದು ಹೇಳಿ ಹಳೆಯದನ್ನೇ ಹಾಕಿ ಕಳಿಸಿದ್ದನೆಂದು ಅಪ್ಪ ಮಾಡಗ್ಯಾಳದ ಕುರಿಸಂತೆಯಲ್ಲಿ ಹತ್ತು ಮಂದಿಯೆದುರು ಹೇಳಿದ್ದು, ಎಲ್ಲ ನಿನಗೂ ನೆನಪಿರಬೇಕು. ನಾನು ಕೇಳುವುದು ಇಷ್ಟೆ. ಆಗ ಒಳಗೆ ಏನು ಕೆಡಿಸಿದ್ದೆ ಎಂಬುದನ್ನು ಬರೆದು ತಿಳಿಸು. ನಾನಂತೂ ಗಾಡಿಯನ್ನು ಕೂಸಿನಂತೆ ನೋಡಿಕೊಂಡಿದ್ದೇನೆ. ಧೂಳು ನುಗ್ಗುವ ಒಂದೊಂದು ಸಂದಿಯನ್ನೂ ಕೈಯಾರೆ ಮುಚ್ಚಿದ್ದೇನೆ.

ಹೆಸರು ಲಗಮಣ್ಣ, ಕೆಲಸ ಲಟಾರಿ,
ಬಿಟ್ಟು ಹೋದರೂ ಬಿಡದ ಬೇಮಾರಿ.

ಸಿದ್ದಾರೂಢ


ಬಾರ್ಶಿ
೨೪ ಜನವರಿ ೨೦೨೫

ಸಣ್ಣ ಸಾವಕಾರರಿಗೆ ಲಗಮಣ್ಣನ ನಮಸ್ಕಾರ್ರಿ.

ಕಾಗದ ಮುಟ್ಟಿತು. ಬಾರ್ಶ್ಯಾಗ ಕನ್ನಡ ಓದಾವ್ರು ಯಾರೂ ಇಲ್ಲ, ಅದಕ್ಕ ನಿಮ್ಮ ಬೈಗಳ ನಾನ ಓದಕೊಂಡೆ. ಮುಚ್ಚಂಡಿ ಸಾಲ್ಯಾಗ ಏಳನೇತ್ತ ತನಕ ಕಲತದ್ದು ಇವತ್ತ ಉಪಯೋಗ ಆತು.

ದೊಡ್ಡ ಸಾವಕಾರ್ರು ತೀರಕೊಂಡದ್ದು ಇಲ್ಲಿ ಕುರಿ ಮಾರಾಕ ಬಂದಾವ್ರು ಹೇಳಿದ್ರು. ಒಂದ ದಿವಸ ಗ್ಯಾರೇಜ್ ಮುಚ್ಚಿದ್ದೆ. ಯಾಕ ಮುಚ್ಚೀರಿ ಅಂತ ಗಿರಾಕಿ ಕೇಳಿದ್ರ, ನನ್ನ ಹೆಸರು ಕೆಡಿಸಿದಾವ್ರು ಸತ್ತಾರ ಅಂತ ಹೇಳಿದೆ. ಅವ್ರು ನಕ್ಕರು. ನಾ ನಗಲಿಲ್ಲ.

ಫೋನ್ ಯಾಕ ಬ್ಯಾಡಂದೆ ಅಂದ್ರ, ನಿಮ್ಮಪ್ಪ ಸಂತ್ಯಾಗ ಬಾಯಿಲೆ ಅಂದಿದ್ದನ್ನ ಆಮ್ಯಾಲ ಮನೀಗೆ ಬಂದು ಕೇಳಿದರ, ನಾ ಹಂಗ ಅಂದೇ ಇಲ್ಲಲ್ಲೋ ಅಂದ್ರು. ಅವತ್ತಿನಿಂದ ನಿಮ್ಮ ಮನೀ ಮಾತು ನನಗ ಕಾಗದದ ಮ್ಯಾಲ ಬೇಕು. ಕಾಗದ ತಿರುಗಿ ತೋರಸಾಕ ಬರತೈತಿ.

ಏನ ಕೆಡಿಸಿದ್ದೆ ಅಂತ ಕೇಳೀರಿ. ಮೂವತ್ತು ವರ್ಷ ಸೀಲು ಹೊಡದೀನ್ರಿ. ಹಳೇ ಸೀಲು ಹಾಕಿ ಹೊಸದಂತ ಹೇಳಿದ್ದು ಒಂದ ಸಲಾನೂ ಇಲ್ಲ. ಆದ್ರ ಈ ಮಾತು ಹೇಳಿ ಏನ ಮಾಡಲಿ, ನೀವು ಪದ್ಯ ಬರದು ಮುಗಿಸೀರಿ. ಅದಕ್ಕ ಹಿಂಗ ಮಾಡೂಣು. ಎಣ್ಣಿ ಯಾಕ ಸೋರತೈತಿ ಅನ್ನೂದನ್ನ ನಾ ಇಲ್ಲಿ ಕುಂತ ಹೇಳತೀನಿ, ನೀವು ನಿಮ್ಮ ಕೈಲೆ ಹುಡಕ್ರಿ. ತಪ್ಪು ನಂದಾಗಿದ್ರ ನಾ ಉಟಗಿಗೆ ಬಂದು ನಿಮ್ಮ ಅಂಗಡಿ ಮುಂದ ಕಿವಿ ಹಿಡಕೊಂಡು ನಿಲ್ಲತೀನಿ. ನಂದಲ್ಲಂದ್ರ, ನಿಮ್ಮಪ್ಪ ಅಂದ ಜಾಗಾದಾಗ, ಅದ ಕುರಿಸಂತ್ಯಾಗ, ನೀವು ಬಾಯಿ ತಗದು ಹೇಳಬೇಕು. ನನಗ ಬೇಕಾದದ್ದು ಅಷ್ಟ. ಒಪ್ಪಿಗಿ ಇದ್ರ ಮುಂದಿಂದು ಓದ್ರಿ, ಇಲ್ಲಂದ್ರ ಇಲ್ಲಿಗೇ ಹರೀರಿ.

ಗಾಡಿ ಎತ್ತಿ, ಹೌಸಿಂಗು ಪೂರ್ತಿ ಡಿಸೇಲ್‌ಲೆ ತೊಳದು ಒಣಗಸ್ರಿ. ಮ್ಯಾಲ ಬಿಳೇ ಪುಡಿ ಉದರಸ್ರಿ, ಸುಣ್ಣಾ ಆದ್ರೂ ನಡೀತೈತಿ. ಮುಚ್ಚಂಡಿ ತನಕ ಹೋಗಿ ಬರ್ರಿ, ಇಳಿಜಾರಿಗೆ ಹೋಗಬ್ಯಾಡ್ರಿ. ಬಂದು ಕೆಳಗ ಮಲಕೊಂಡು ಪುಡಿ ಎಲ್ಲೆಲ್ಲಿ ಒದ್ದಿ ಆಗೇತಿ ನೋಡ್ರಿ. ಬಟ್ಟಿ ಹೊಲಸ ಆಗತಾವ, ಹಳೇವು ಹಾಕ್ಕೋರಿ.

ಲಗಮಣ್ಣ


ಉಟಗಿ
೯ ಫೆಬ್ರುವರಿ ೨೦೨೫

ಲಗಮಣ್ಣನಿಗೆ,

ಒಪ್ಪಿದೆ. ಗೆಲ್ಲುವವನಿಗೆ ಕರಾರಿನ ಭಯವಿಲ್ಲ.

ತೊಳೆದೆ, ಒಣಗಿಸಿದೆ. ಮನೆಯಲ್ಲಿ ಸುಣ್ಣವಿರಲಿಲ್ಲ, ವಿಭೂತಿ ಇತ್ತು. ಎರಡು ಗಟ್ಟಿ ಪುಡಿ ಮಾಡಿ ಉದುರಿಸಿದೆ. ನನ್ನ ಅವ್ವ ಸಿದ್ದವ್ವ ಬಾಗಿಲಲ್ಲಿ ನಿಂತು ನೋಡಿ, ಮೋಟಾರಿಗೆ ದೀಕ್ಷೆ ಕೊಡುತ್ತೀಯೇನೋ ಎಂದು ಕೇಳಿದಳು. ಮುಚ್ಚಂಡಿಗೆ ಹೋಗಿ ಬಂದು, ನಲವತ್ತಾರರ ವಯಸ್ಸಿನಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದೆ. ಅಂಗಡಿಗೆ ಬಂದವರೆಲ್ಲ ನನ್ನ ಕಾಲುಗಳ ಜೊತೆ ವ್ಯವಹಾರ ಮಾಡಿದರು. ತೊಗರಿ ಬೀಜದ ದರ ಕೇಳಿದವನಿಗೆ ಬಂಪರಿನ ಕೆಳಗಿಂದ ಹೇಳಿದೆ. ಅವನು ಬಗ್ಗಿ ಕೂಡ ನೋಡಲಿಲ್ಲ.

ಫಲಿತಾಂಶ ಇಂತಿದೆ:

ಬಲಗಾಲಿ ಸೋರಿತು, ಎಡಗಾಲಿ ಸೇರಿತು,
ನಡುವಿನ ಮೂತಿಯೂ ನಾನಿದ್ದೇನೆಂದು ಸಾರಿತು.

ಎರಡೂ ಗಾಲಿಯ ಸೀಲು, ಎಂಜಿನ್ನಿನಿಂದ ಬರುವ ಉದ್ದನೆಯ ದಂಡ ಒಳಹೋಗುವ ಆ ಮುಂದಿನ ಮೂತಿ, ಮೂರೂ ಕಡೆ ವಿಭೂತಿ ಕೆಸರಾಗಿದೆ. ಅಪ್ಪ ಒಂದೇ ಸೀಲಿನ ಮಾತು ಹೇಳಿದ್ದರು, ನೀನು ಮೂರನ್ನೂ ಕೆಡಿಸಿದ್ದೀಯ ಎಂದಾಯಿತು. ಕಿವಿ ಹಿಡಿದುಕೊಂಡು ನಿಲ್ಲುವ ದಿನ ಯಾವುದೆಂದು ಬರೆ, ಅಂಗಡಿಯ ಮುಂದೆ ನೆರಳು ಮಾಡಿಸುತ್ತೇನೆ. ಮುದುಕನಾಗಿದ್ದೀಯ, ಬಿಸಿಲು ತಾಳಲಿಕ್ಕಿಲ್ಲ.

ಸಿದ್ದಾರೂಢ


ಬಾರ್ಶಿ
೧೭ ಫೆಬ್ರುವರಿ ೨೦೨೫

ಸಣ್ಣ ಸಾವಕಾರ್ರ,

ವಿಭೂತಿ ಹಚ್ಚಿದ್ರ ಹೌಸಿಂಗು ಗುಡಿ ಆಗೂದಿಲ್ಲ, ಆದ್ರ ಕೆಲಸ ಕೊಟ್ಟೈತಿ. ಬಿ.ಎ. ಕಿಂತ ಚಲೋ ಕೊಟ್ಟೈತಿ.

ನೀವು ಬೀಜಾ ಮಾರಾವ್ರು. ಒಂದ ಚೀಲದಾಗ ಹುಳ ಬಿದ್ರ ಆ ಚೀಲದ್ದು ತಪ್ಪು ಅಂತೀರಿ. ಮೂರೂ ಚೀಲದಾಗ ಒಂದ ದಿವಸ ಬಿದ್ರ ಏನಂತೀರಿ? ಕೋಣಿದು ತಪ್ಪು ಅಂತೀರಿ. ಮೂರು ಮಿಸ್ತ್ರಿ ಮೂರು ಸಲ ಹೊಸಾ ಸೀಲು ಹಾಕಿದ್ರೂ ಮೂರೂ ಕಡೆ ಎಣ್ಣಿ ಬರತೈತಿ ಅಂದ್ರ ಸೀಲಿಂದು ತಪ್ಪಲ್ಲ. ಒಳಗಿಂದ ಏನೋ ಒತ್ತತೈತಿ. ಇಷ್ಟು ತಿಳಿಯಾಕ ಸಾಂಗಲಿ ತನಕ ಹೋಗಬೇಕಾಗಿರಲಿಲ್ಲ.

ಗಾಡಿ ಓಡಿದಂಗ ಹೌಸಿಂಗಿನ ಎಣ್ಣಿ ಕಾಯತೈತಿ, ಒಳಗಿನ ಗಾಳಿ ಉಬ್ಬತೈತಿ. ಆ ಗಾಳಿ ಹೊರಗ ಹೋಗಾಕ ಹೌಸಿಂಗಿನ ನೆತ್ತಿ ಮ್ಯಾಲ ಒಂದು ಸಣ್ಣ ಟೊಪ್ಪಿಗಿ ಇರತೈತಿ. ಬ್ರೀದರ್ ಅಂತಾರ. ಬಟ್ಟಿ ಹೊಲಿಯೂಮುಂದ ಬೆರಳಿಗೆ ಹಾಕ್ಕೋತಾರಲ್ಲ, ಅಷ್ಟ ದೊಡ್ಡದು. ಬೆರಳಲೆ ತಿರುವಿದ್ರ ಸಡಲಾಗಿ ತಿರಗಬೇಕು. ಕುಕ್ಕರಿನ ಸೀಟಿಗೆ ಬಟ್ಟಿ ತುರುಕಿ ಒಲಿ ಮ್ಯಾಲ ಇಟ್ರ ಏನಾಗತೈತಿ ಅನ್ನೂದನ್ನ ಅನುರಾಧಾ ಅಕ್ಕಾರನ್ನ ಕೇಳ್ರಿ, ಅವ್ರಿಗೆ ತಿಳೀತೈತಿ. ಆ ಟೊಪ್ಪಿಗಿ ಕಟ್ಟಿದ್ರ ಗಾಳಿ ಸೀಲು ಮುರದು ಎಣ್ಣಿ ಹೊರಗ ಹಾಕತೈತಿ. ಮೊದಲು ಗಾಲ್ಯಾಗ, ಆಮ್ಯಾಲ ಲೈನರಿಗೆ.

ಎರಡ ಕೆಲಸ ಮಾಡ್ರಿ. ಸಪಾಟ ಜಾಗಾದಾಗ ಗಾಡಿ ನಿಲ್ಲಿಸಿ ಹೌಸಿಂಗಿಗೆ ಎಣ್ಣಿ ಹಾಕೂ ಹಿಂದಿನ ಬೂಚ ಬಿಚ್ಚಿ ನೋಡ್ರಿ, ಎಣ್ಣಿ ಅದರ ತುಟಿ ತನಕ ಇರಬೇಕು, ಹೆಚ್ಚಾಗಿರಬಾರದು. ಎರಡನೇದು, ಆ ಟೊಪ್ಪಿಗಿ ತಿರಗತೈತೋ ಇಲ್ಲೋ ನೋಡಿ ಬರೀರಿ. ಪದ್ಯ ಬ್ಯಾಡ. ತಿರಗತೈತಿ, ಇಲ್ಲಾ ತಿರಗೂದಿಲ್ಲ. ಅಷ್ಟ ಬರೀರಿ.

ಲಗಮಣ್ಣ


ಉಟಗಿ
೧೧ ಏಪ್ರಿಲ್ ೨೦೨೫

ಶ್ರೀ ಲಗಮಣ್ಣನಿಗೆ ಅನೇಕ ಶುಭಾಶಯಗಳು.

ಉತ್ತರ ತಡವಾಯಿತು. ಲಗ್ನದ ಸುಗ್ಗಿ, ಪದ್ಯದ ಬೇಡಿಕೆ ಜಗ್ಗಿ. ಒಂದೇ ವಾರದಲ್ಲಿ ಏಳು ಲಗ್ನಪತ್ರಿಕೆ ಬರೆದೆ. ಅದರಲ್ಲೊಬ್ಬ ವರನ ಹೆಸರಿಗೆ ಪ್ರಾಸವೇ ಸಿಗದೆ ಎರಡು ದಿನ ಊಟ ರುಚಿಸಲಿಲ್ಲ. ಇಲ್ಲಿ ಬಿಸಿಲು ಜೋರಾಗಿದೆ. ಬಾರ್ಶಿಯಲ್ಲೂ ಹಾಗೇ ಇರಬೇಕು.

ನಿನಗೆ ಸಂತೋಷದ ಸುದ್ದಿ. ಗಾಡಿ ಗುಣವಾಗಿದೆ. ಸಾಂಗಲಿಯಿಂದ ಒಳ್ಳೆಯ ಸೀಲು ತರಿಸಿ ಮೂರೂ ಕಡೆ ಹಾಕಿಸಿದೆ. ಹೋದ ತಿಂಗಳು ವಿಜಯಪುರಕ್ಕೆ ಹೋಗಿ ಬಂದೆ, ಹನಿ ಎಣ್ಣೆಯೂ ಹೊರಗೆ ಬರಲಿಲ್ಲ. ಈ ಕಾಲದ ಸೀಲುಗಳ ಗುಣಮಟ್ಟವೇ ಬೇರೆ. ನಿನ್ನ ಸಲಹೆಗಳೂ ಒಂದು ಮಟ್ಟಿಗೆ ಉಪಯೋಗಕ್ಕೆ ಬಂದವು, ಇಲ್ಲವೆನ್ನಲಾರೆ. ಹಿರಿಯರ ಕಾಲದ ಮಾತು ಹಿರಿಯರ ಜೊತೆಗೇ ಹೋಗಲಿ. ನೀನು ಬಂದು ಕಿವಿ ಹಿಡಿಯುವುದೂ ಬೇಡ, ನಾನು ಸಂತೆಗೆ ಹೋಗುವುದೂ ಬೇಡ.

ಸೋರುವುದು ನಿಂತಿದೆ, ಸೀಲು ಗಟ್ಟಿ ಕುಂತಿದೆ,
ಮುನಿಸೆಲ್ಲ ಮುಗಿಯಲೆಂದು ಕಂಬಳಿಯೊಂದು ಬಂದಿದೆ.

ಮಾಡಗ್ಯಾಳದ ಕುರಿಯ ಉಣ್ಣೆಯದು, ಕೈನೇಯ್ಗೆ. ಪಾರ್ಸಲಿನಲ್ಲಿದೆ. ಹೊದ್ದುಕೊಂಡು ಸುಖವಾಗಿರು.

ಸಿದ್ದಾರೂಢ


ಬಾರ್ಶಿ
೨೦ ಏಪ್ರಿಲ್ ೨೦೨೫

ಸಣ್ಣ ಸಾವಕಾರ್ರ,

ಕಂಬಳಿ ತಿರುಗಿ ಕಳಸೀನಿ. ಕುರಿ ಕಾಯೋ ಮನ್ಯಾಗ ಹುಟ್ಟಿದಾವ್ಗ ಉಣ್ಣಿ ತೋರಸಬ್ಯಾಡ್ರಿ. ಅದು ಮಷೀನಿಂದು. ಕೈಲೆ ನೇಯ್ದದ್ದಲ್ಲ. ಅಂಗಡಿಯಾಂವ ನಿಮಗ ಹಳೇ ಸೀಲು ಹೊಸದಂತ ಕೊಟ್ಟಂಗ ಕೊಟ್ಟಾನ.

ಎರಡ ತಿಂಗಳಿಗೆ ಕಾಗದ ಬಂತು. ಬಿಸಲು ಐತಿ, ಲಗ್ನಾ ಐತಿ, ಪ್ರಾಸ ಐತಿ. ಟೊಪ್ಪಿಗಿ ಇಲ್ಲ. ನಾ ಕೇಳಿದ್ದು ಎರಡ ಮಾತು. ಎಣ್ಣಿ ನಿಂತೈತಿ ಅಂತೀರಿ, ಹಂಗಾದ್ರ ಟೊಪ್ಪಿಗಿ ಬಿಚ್ಚೀರಿ. ಬಿಚ್ಚದ ನಿಲ್ಲೂದಿಲ್ಲ. ಬಿಚ್ಚಿದಾಗ ಒಳಗ ಏನ ಸಿಕ್ಕಿತು ಅನ್ನೂದನ್ನ ಬರೀಲಿಲ್ಲ.

ನೀವು ಬರೀದಿದ್ರ ನಾ ಬರೀತೀನಿ. ಎಂ-ಸೀಲ್ ಸಿಕ್ಕಿತು, ತೂತಿಗೆ ಮೆತ್ತಿದ್ರ ಕಲ್ಲಾಗೋ ಕಣಕ. ಬೆರಳಲೆ ಒತ್ತಿ ಒತ್ತಿ ಮೆತ್ತಿದ್ದು.

ಹೆಂಗ ಗೊತ್ತಂದ್ರ, ಹನ್ನೊಂದು ವರ್ಷದ ಹಿಂದ ಒಡ್ಡಿಗೆ ಬಡದ ಗಾಡೀನ ನನ್ನ ಗ್ಯಾರೇಜಿಗೆ ಎಳಕೊಂಡು ಬಂದಾಗ ಅದನ್ನ ಮೊಳಿ ಬಡದು ಒಡದು ತಗದಾಂವ ನಾ. ನೀವು ಹಗೇವಿನ್ಯಾಗ ಜ್ವಾಳ ತುಂಬಿ ಬಾಯಿಗೆ ಮಣ್ಣು ಮೆತ್ತೋ ಮನಿತನ. ಎಲ್ಲಿ ತೂತು ಕಂಡ್ರೂ ಮೆತ್ತೂದ ನಿಮಗ ಜ್ವಾಪಾನ. ನಾ ತಗದು ಹೋದ ಮ್ಯಾಲ ಮತ್ತ ಮೆತ್ತೀರಿ. ಒಂದ ತಪ್ಪು ಎರಡ ಸಲ ಮಾಡಾಕ ಭಾಳ ಓದಿರಬೇಕಾಗತೈತಿ.

ಆ ತುಂಡು ದವಾಖಾನಿಗೆ ಒಯ್ದು ನಿಮ್ಮಪ್ಪಗ ತೋರಿಸಿದೆ. ಮಲಕೊಂಡಿದ್ರು. ನೋಡಿದ್ರು. ನನ್ನ ಅಂಗೈಯಾಗಿನ ತುಂಡಿನ ಮ್ಯಾಲ ತಮ್ಮ ಅಂಗೈ ಇಟ್ಟು ಮುಚ್ಚಿದ್ರು. "ಅಂವಗ ಹೇಳಬ್ಯಾಡ ಲಗಮಾ. ಅಪ್ಪನ ಸೊಂಟ ಮುರದೀನಿ ಅಂತ ತಿಳದ್ರ ಜೀವನಪೂರ್ತಿ ತಲಿ ಎತ್ತೂದಿಲ್ಲ," ಅಂದ್ರು. ಹೂಂ ಅಂದೆ. ಹೇಳೂದಿಲ್ಲ ಅಂತ ಒಪ್ಪಿದ್ದೆ. ತಪ್ಪು ನಂದು ಅಂತ ಒಪ್ಪಿರಲಿಲ್ಲ. ಅವ್ರಿಗೆ ಕೋಲು ಹಿಡಕೊಂಡು ಅಡ್ಡಾಡಾಕ ಬಂದ ಮೊದಲನೇ ಸಂತ್ಯಾಗ, ಯಾಕ ಹಿಂಗಾತು ಅಂತ ಮಂದಿ ಕೇಳಿದ್ರು. ಅವ್ರಿಗೆ ಒಂದು ಹೆಸರು ಬೇಕಾಗಿತ್ತು. ನಿಮ್ಮ ಹೆಸರು ಹೇಳಾಕ ಮನಸ್ಸಾಗಲಿಲ್ಲ.

ಅವ್ರು ಇರೂ ತನಕ ನಾ ಬಾಯಿ ಬಿಡಲಿಲ್ಲ. ಈಗೂ ಮೊದಲ ಹೇಳಲಿಲ್ಲ. ನೀವ ಹುಡಕಬೇಕಂತ ಬಿಟ್ಟೆ. ಹುಡಕಿದ್ರಿ, ಸಿಕ್ಕಿತು, ಕಂಬಳಿ ಕಳಸಿದ್ರಿ.

ಕರಾರಿಂದು ಏನು?

ಲಗಮಣ್ಣ


ಉಟಗಿ
೧೯ ಮೇ ೨೦೨೫

ಲಗಮಣ್ಣನವರಿಗೆ,

ಟೊಪ್ಪಿಗೆ ತಿರುಗುತ್ತಿರಲಿಲ್ಲ.

ಫೆಬ್ರುವರಿ ಇಪ್ಪತ್ತಮೂರಕ್ಕೆ ನಿಮ್ಮ ಕಾಗದ ಬಂತು. ಅವತ್ತೇ ಗಾಡಿಯ ಕೆಳಗೆ ಹೋದೆ. ಮಣ್ಣು ಕೆರೆದಾಗ ಎಂ-ಸೀಲ್ ಕಂಡಿತು. ಅದರ ಮೇಲೆ ನನ್ನ ಹೆಬ್ಬೆರಳಿನ ಒತ್ತು ಇತ್ತು. ನಾನೇ ಮಾಡಿದ್ದು ನೆನಪಿಗೆ ಬಂತು, ಎರಡು ಸಲವೂ. ಯಾರೋ ಎಣ್ಣೆ ಹೆಚ್ಚಾಗಿ ತುಂಬಿದ್ದರು, ಅದು ಆ ಟೊಪ್ಪಿಗೆಯ ಸಂದಿಯಿಂದ ಉಗುಳಿತ್ತು. ಸೋರುವ ಜಾಗ ಸಿಕ್ಕಿತೆಂದು ಖುಷಿಯಿಂದ ಮುಚ್ಚಿದ್ದೆ. ಮಿಸ್ತ್ರಿಯ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿತ್ತೆಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಮೊಳೆ ಬಡಿದಾಗ ಒಳಗಿನ ಗಾಳಿ ಸುಯ್ಯೆಂದು ಬಹಳ ಹೊತ್ತು ಹೊರಗೆ ಬಂತು. ಅದು ನಿಲ್ಲುವ ತನಕ ಅಲ್ಲೇ ಮಲಗಿದ್ದೆ. ಅಷ್ಟು ಹೊತ್ತಿನಲ್ಲಿ ನಿಮಗೆ ಸುಳ್ಳು ಬರೆಯುವುದೆಂದು ತೀರ್ಮಾನಿಸಿದ್ದೆ. ಅಪ್ಪನಿಗೆ ಗೊತ್ತಿತ್ತೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ನಿನ್ನೆ ಮಾಡಗ್ಯಾಳದ ಸಂತೆಗೆ ಹೋಗಿದ್ದೆ. ಅಪ್ಪ ಯಾವಾಗಲೂ ನಿಲ್ಲುತ್ತಿದ್ದ ಬೇವಿನ ಮರದ ಹತ್ತಿರ ದಲಾಲಿ ದುಂಡಪ್ಪ ಒಬ್ಬ ಕುರಿಯವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದುಕೊಂಡು ಬೆರಳಿನ ಲೆಕ್ಕದಲ್ಲಿ ಚೌಕಾಸಿ ನಡೆಸಿದ್ದರು. ಅವತ್ತು ಅಪ್ಪ ಹೇಳಿದ್ದನ್ನು ಕೇಳಿದವರಲ್ಲಿ ಬದುಕಿರುವವರು ಅವರೂ ಇನ್ನು ನಾಲ್ಕೈದು ಜನವೂ. ಎಲ್ಲರೂ ಸುತ್ತ ಇದ್ದರು. ಬರೆದುಕೊಂಡು ಹೋಗಿದ್ದೆ, ಓದಲು ಆಗಲಿಲ್ಲ. ಬಾಯಿಂದಲೇ ಹೇಳಿದೆ. ನೀವು ಕಾಗದದ ಮೇಲೆ ಕೇಳುತ್ತೀರೆಂದು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಲಗಮಣ್ಣ ಹಳೇ ಸೀಲು ಹಾಕಿರಲಿಲ್ಲ. ಗಾಡಿ ಕೆಡಿಸಿದಾಂವ ನಾ. ನಮ್ಮಪ್ಪನ ಸೊಂಟ ಮುರದದ್ದು ನನ್ನ ಕೈಲೆ. ನಮ್ಮಪ್ಪ ಇಲ್ಲಿ ನಿಂತು ಹೇಳಿದ್ದು ಸುಳ್ಳು."

ದುಂಡಪ್ಪ ಟವೆಲ್ಲಿನೊಳಗಿನ ಕೈ ತೆಗೆಯಲಿಲ್ಲ. ಕುರಿಯವನ ಮುಖ ನೋಡುತ್ತಲೇ ನನಗೆ ಹೇಳಿದರು: "ನಿಂದಂತ ಗೊತ್ತಿರಲಿಲ್ಲ. ಲಗಮಂದಲ್ಲ ಅಂತ ಎಲ್ಲಾರಿಗೂ ಗೊತ್ತಿತ್ತು. ನಮ್ಮೆಲ್ಲಾರ ಟ್ರ್ಯಾಕ್ಟರ್ ಮುಟ್ಟಿದ ಕೈ ಅದು."

"ಮತ್ತ ಅವ್ರ ಗ್ಯಾರೇಜಿಗೆ ಹೋಗೂದು ಯಾಕ ಬಿಟ್ರಿ?" ಎಂದೆ.

"ಮುಂದ ಎಂಟ ದಿನಕ್ಕ ಬಿತ್ತಿಗಿ ಇತ್ತು. ಬ್ಯಾರೇ ಕಡೆ ಬೀಜಾ ಸಿಗತಿರಲಿಲ್ಲ, ನಿಮ್ಮಪ್ಪನ ಅಂಗಡಿಯಾಗ ಅಷ್ಟ ಇತ್ತು," ಎಂದರು.

ಸುತ್ತಲಿನವರು ಹೌದೆಂದು ಗೋಣು ಹಾಕಿದರು. ನಾಚಿಕೆ ಪಟ್ಟವರು ಯಾರೂ ಕಾಣಲಿಲ್ಲ. ಅಷ್ಟರಲ್ಲಿ ಕುರಿಯ ವ್ಯವಹಾರ ಕುದುರಿತು, ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದರು. ಒಬ್ಬ ಚಹಾ ಕುಡಿಯೋಣ ಬರ್ರಿ ಸಾವಕಾರ್ರ ಎಂದು ನನ್ನನ್ನು ಕರೆದ. ಹೋಗಲಿಲ್ಲ.

ನಿಮ್ಮ ಮೇಲೆ ಯಾರಿಗೂ ಸಂಶಯ ಇರಲಿಲ್ಲವೆಂಬುದು ನಿಮಗೆ ಸಮಾಧಾನ ಕೊಟ್ಟೀತೆಂದು ಇದನ್ನೆಲ್ಲ ಬರೆದಿದ್ದೇನೆ. ಜತ್ತದಲ್ಲಿ ನಿಮ್ಮ ಗ್ಯಾರೇಜಿನ ಜಾಗ ಈಗಲೂ ಖಾಲಿ ಇದೆ. ದುಂಡಪ್ಪನೂ, ಬಂದ್ರ ಚಲೋ ಆಕ್ಕಿತ್ತು ಎಂದರು. ಬಂದರೆ ಮೊದಲ ಗಾಡಿ ನನ್ನದು.

ಸಿದ್ದಾರೂಢ


ಬಾರ್ಶಿ
೨ ಜೂನ್ ೨೦೨೫

ಸಿದ್ದಾರೂಢಾ,

ಹೇಳೀದಿ. ಕರಾರು ಮುಗೀತು. ಕಾಗದ ಪೆಟಿಗ್ಯಾಗ ಇಟ್ಟೀನಿ.

ದುಂಡಪ್ಪನ ಮಾತು ಬರದದ್ದು ಮಾತ್ರ ಬರೀಬಾರದಿತ್ತು. ಸಮಾಧಾನ ಆಗತೈತಿ ಅಂತ ಬರದೀ. ನಿನಗ ಮಷೀನಿನ ಕಂಬಳೀನೂ ಗೊತ್ತಾಗೂದಿಲ್ಲ, ಮನಶ್ಯಾರೂ ಗೊತ್ತಾಗೂದಿಲ್ಲ.

ಆ ಮಂದಿ ನಿಮ್ಮಪ್ಪನ ಮಾತು ನಂಬಿ ನನ್ನ ಬಿಟ್ಟಾರ ಅಂತ ಇಷ್ಟು ದಿವಸ ತಿಳಕೊಂಡಿದ್ದೆ. ನಂಬಿದಾವ್ರನ್ನ ಬೈಬಹುದು. ಹುಚ್ಚರದಾರ, ತಿಳೀದ ಮಾಡ್ಯಾರ, ಇಂದಿಲ್ಲಾ ನಾಳಿ ತಿಳೀತೈತಿ ಅನಬಹುದು. ಹನ್ನೊಂದು ವರ್ಷ ದಿನಾ ಷಟರ್ ಎತ್ತೂಮುಂದ ಅದನ್ನ ಅಂದಕೋತ ಎತ್ತೀನಿ. ಈಗ ನೀ ಬರದೀ, ಒಬ್ಬರೂ ನಂಬಿರಲಿಲ್ಲಂತ. ಗೊತ್ತಿದ್ದ, ಬೀಜಾ ತಗೊಂಡು, ಸುಮ್ಮನ ಮನೀಗೆ ಹೋಗ್ಯಾರ. ನಿಮ್ಮಪ್ಪ ಮಗನ ಸಲುವಾಗಿ ಸುಳ್ಳ ಹೇಳಿದ್ರು. ಅವ್ರ ಮ್ಯಾಲಿನ ಸಿಟ್ಟು ನಿನ್ನ ಕಾಗದ ಓದಿದ ಮ್ಯಾಲ ಹೋತು. ಇನ್ನ ಆ ಸಿಟ್ಟು ಯಾರ ಮ್ಯಾಲ ಇಡಲಿ, ಅಷ್ಟು ಮಂದೀ ಮ್ಯಾಲ ಇಡಾಕ ನನ್ನ ಹತ್ರ ವಯಸ್ಸಿಲ್ಲ.

ಗೊತ್ತಿಲ್ಲದಾವ್ರ ಊರಿಗಿ ತಿರುಗಿ ಬರಬಹುದಿತ್ತು. ಇವ್ರ ಊರಿಗಿ ಬರೂದಿಲ್ಲ. ಹೋಗಿ ಹೇಳಬ್ಯಾಡ. ಕೇಳಿದ್ರ, ಬಾರ್ಶ್ಯಾಗ ಕೆಲಸ ಭಾಳ ಐತಿ ಅನ್ನು. ಸುಳ್ಳಲ್ಲ.

ಒಂದ ಮಾತು ನಿನಗ. ಸೀಲು ಬದಲಿ ಮಾಡೀನಿ ಅಂದಿ, ಲೈನರ್ ಬದಲಿ ಮಾಡೀನಿ ಅನ್ನಲಿಲ್ಲ. ಮಿಸ್ತ್ರಿ ಪೆಟ್ರೋಲ್‌ಲೆ ತೊಳದು ಹಾಕಿರಬೇಕು. ಎಣ್ಣಿ ಕುಡದ ಲೈನರ್ ತೊಳದು ಒಣಗಿಸಿದ್ರ ಹೊಸದರಂಗ ಕಾಣತೈತಿ, ಸಪಾಟ ರಸ್ತೇದಾಗ ಹಿಡೀತೈತಿ. ಇಳಿಜಾರಿನ್ಯಾಗ ಕಾದ ಕೂಡ್ಲೆ ಒಳಗಿನ ಎಣ್ಣಿ ಮ್ಯಾಲ ಬರತೈತಿ. ಹಿಂದಿನ ಎರಡೂ ಗಾಲ್ಯಾಗಿನ ನಾಲ್ಕೂ ಲೈನರ್ ತಗದು ಒಗೀ. ಅಲ್ಲೀ ತನಕ ಅನುರಾಧಾನ್ನ ಬಸ್ಸಿಗೆ ಕಳಸು.

ಲಗಮಣ್ಣ